ವರ್ಷಕ್ಕೊಂದು ವಾರ ನಮ್ಮ ಮನೆ

‘ಓನರ್’ ಎಂಬ ಶಬ್ದ ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ವಾಶಿಯ ಒಂದು ದೊಡ್ಡ ಹೋಟೆಲಿನ ತಣ್ಣನೆಯ ಸಭಾಂಗಣದಲ್ಲಿ, ಟೈ ಕಟ್ಟಿಕೊಂಡ ಹುಡುಗನೊಬ್ಬ ನನ್ನ ಗಂಡನ ಎರಡೂ ಕೈ ಹಿಡಿದು, ‘ಕಾಂಗ್ರಾಚುಲೇಷನ್ಸ್ ಸರ್, ಆಜ್ ಸೇ ಆಪ್ ಓನರ್ ಹೈ’ ಅಂದ. ಸುತ್ತ ಕೂತವರೆಲ್ಲ ಚಪ್ಪಾಳೆ ತಟ್ಟಿದರು. ಡೊಂಬಿವಲಿಯಲ್ಲೇ ಹುಟ್ಟಿ, ಇಡ್ಲಿ ಹಬೆಯಲ್ಲೇ ಬೆಳೆದ ನನ್ನ ಗಂಡ ನಾಚಿಕೊಂಡು ತಲೆ ತಗ್ಗಿಸಿದರು. ಯಾವುದರ ಓನರ್? ವರ್ಷದಲ್ಲಿ ಒಂದು ವಾರ, ಅದೂ ಅವರಿಗೆ ಅನುಕೂಲವಾದರೆ, ಬೆಟ್ಟದ ಮೇಲಿನ ಒಂದು ರಿಸಾರ್ಟಿನ ಎರಡು ಕೋಣೆಗಳಲ್ಲಿ ಹೋಗಿ ಮಲಗಬಹುದು. ಇಪ್ಪತ್ತೈದು ವರ್ಷದ ತನಕ. ಅದಕ್ಕೆ ಟೈಮ್‌ಶೇರ್ ಎಂದು ಹೆಸರು. ಅಷ್ಟಕ್ಕೆ ಚಪ್ಪಾಳೆ!

ಇದರ ಬೇರು ಇರುವುದು ನನ್ನ ಅತ್ತೆಯ ಆಸೆಯಲ್ಲಿ. ಅತ್ತೆ ಅಂದರೆ ನನ್ನ ಗಂಡನ ತಾಯಿ. ಮದುವೆಯಾಗಿ ಉಡುಪಿ ಕಡೆಯಿಂದ ಡೊಂಬಿವಲಿಗೆ ಬಂದವರು. ಮಾವ ಹೋಟೆಲೊಂದರಲ್ಲಿ ಅಡುಗೆಯವರಾಗಿದ್ದರು. ಸಂಸಾರ ಶುರುವಾದದ್ದು ಚಾಳಿನ, ಅಂದರೆ ವಠಾರದ, ಒಂದು ಕೋಣೆಯಲ್ಲಿ. ಚಾಳು ಕೆಡವಿದ ಮೇಲೆ ಬಾಡಿಗೆ ಫ್ಲಾಟು. ನಾನು ಸೊಸೆಯಾಗಿ ಬರುವ ಹೊತ್ತಿಗೆ ಮಾವ ತೀರಿಕೊಂಡಿದ್ದರು. ಸ್ವಂತ ಮನೆ ಆಗಿರಲಿಲ್ಲ. ಇದ್ದದ್ದು ಹನ್ನೊಂದು ತಿಂಗಳ ಅಗ್ರಿಮೆಂಟು. ಇಲ್ಲಿ ಬಾಡಿಗೆಗೆ ಇದ್ದವರಿಗೆ ಅದರ ರುಚಿ ಗೊತ್ತು. ಹತ್ತನೇ ತಿಂಗಳಿಗೆ ಮನೆಯ ಯಜಮಾನ ಬಂದು, ನಾವು ಕೊಟ್ಟ ಕಾಫಿ ಕುಡಿದು, ಮಗನ ಮದುವೆ ಗೊತ್ತಾಗಿದೆ, ಮನೆ ಬೇಕು ಅನ್ನುತ್ತಾನೆ. ಆ ಮಗನ ಮದುವೆ ಆಗುವುದೇ ಇಲ್ಲ. ನಮಗಿಂತ ಜಾಸ್ತಿ ಬಾಡಿಗೆ ಕೊಡುವವರು ಬರುತ್ತಾರೆ, ನಾವು ಟೆಂಪೋದಲ್ಲಿ ಕಪಾಟು, ಗ್ರೈಂಡರು, ದೇವರ ಪೆಟ್ಟಿಗೆ ಹೇರಿಕೊಂಡು ಪಕ್ಕದ ಗಲ್ಲಿಗೆ ಹೋಗುತ್ತೇವೆ.

ಹೊಸ ಮನೆ ಹೊಕ್ಕಾಗ ಹಾಲು ಉಕ್ಕಿಸುವುದು ನಮ್ಮಲ್ಲಿ ಕ್ರಮ. ಬಾಡಿಗೆ ಮನೆಯಲ್ಲೂ ಎಷ್ಟೋ ಮಂದಿ ಉಕ್ಕಿಸುತ್ತಾರೆ. ಅತ್ತೆ ಮಾತ್ರ ಉಕ್ಕಿಸುತ್ತಿರಲಿಲ್ಲ. ಕಾಯಿಸುತ್ತಿದ್ದರು, ನೊರೆ ಪಾತ್ರೆಯ ಅಂಚಿಗೆ ಬಂದ ಕೂಡಲೇ ಬೆಂಕಿ ಸಣ್ಣ ಮಾಡುತ್ತಿದ್ದರು. ಮೊದಲ ಸಲ ನೋಡಿದಾಗ ನಾನು ಕೇಳಿಯೇಬಿಟ್ಟೆ.

‘ಯಾಕೆ ಅತ್ತೆ, ಉಕ್ಕಲಿಕ್ಕೆ ಬಿಡ್ಲಿಲ್ಲ?’

‘ಎಂಥದಕ್ಕೆ ಮಾರಾಯ್ತಿ? ಯಾರದ್ದೋ ಮನೆ. ಉಕ್ಕಿದ್ದು ಅವರ ಪಾಲಿಗೆ ಹೋಯ್ತಲ್ಲ! ಉಕ್ಕಿಸುವ, ನಮ್ಮದು ಅಂತ ಒಂದು ಆಗ್ಲಿ. ಆ ದಿವಸ ಎಲ್ಲ ಒಟ್ಟಿಗೆ ಇರ್ಬೇಕು, ಅಲ್ಲೇ ಮಲಗ್ಬೇಕು. ಒಂದು ರಾತ್ರಿ ಆದ್ರೂ.’

ಎಲ್ಲ ಅಂದರೆ ಹನ್ನೊಂದು ಜನ. ಅತ್ತೆ, ನಾವಿಬ್ಬರು, ನಮ್ಮ ಮಗಳು. ಕಲ್ಯಾಣದಲ್ಲಿ ಗಂಡನ ಅಣ್ಣ, ನನ್ನ ಭಾವ, ಕಂಪನಿ ಕೊಟ್ಟ ಕ್ವಾರ್ಟರ್ಸಿನಲ್ಲಿ. ಅವರ ಹೆಂಡತಿ, ಇಬ್ಬರು ಗಂಡುಮಕ್ಕಳು. ಘಣಸೋಲಿಯಲ್ಲಿ ಗಂಡನ ತಂಗಿ, ಅವಳ ಗಂಡ, ಪುಟ್ಟ ಮಗಳು. ಹಬ್ಬಕ್ಕೆ ನಮ್ಮಲ್ಲಿಗೇ ಬರುತ್ತಿದ್ದರು. ಒಂದು ಕೋಣೆ, ಒಂದು ಅಡುಗೆಮನೆಯಲ್ಲಿ ಹನ್ನೊಂದು ಜನ! ಗಂಡಸರು ಮೊದಲ ಪಂಕ್ತಿ, ಹೆಂಗಸರು ಎರಡನೆಯದು, ಕೈ ತೊಳೆದದ್ದೇ ಟ್ರೇನು ಹಿಡಿಯುವ ಗಡಿಬಿಡಿ. ‘ಇವತ್ತು ನಿಲ್ಲಿ ಮಕ್ಕಳೇ’ ಎಂದು ಅತ್ತೆ ಬಾಗಿಲ ತನಕ ಹೋಗುತ್ತಿದ್ದರು. ನಿಲ್ಲಿ ಅನ್ನಲು ಸಲೀಸು. ಮಲಗಿಸುವುದು ಎಲ್ಲಿ, ಗ್ಯಾಲರಿಯಲ್ಲೇ? ಎಲ್ಲರ ಚಪ್ಪಲಿ ಹೋದ ಮೇಲೆ ಬಾಗಿಲಲ್ಲಿ ಅತ್ತೆಯ ಚಪ್ಪಲಿ ಒಂದೇ ಉಳಿಯುತ್ತಿತ್ತು.

ಫ್ಲಾಟು ಕೊಳ್ಳುವ ಮಾತು ನಮಗೆ ದೂರ. ಡೊಂಬಿವಲಿ ಸ್ಟೇಶನ್ನಿನ ಹತ್ತಿರ ನನ್ನ ಗಂಡ ನಡೆಸುತ್ತಿದ್ದ ಹೋಟೆಲು ಕಂಡಕ್ಟ್ ಮೇಲಿನದು. ನಮ್ಮ ಹೋಟೆಲಿನವರಿಗೆಲ್ಲ ಈ ಪದ್ಧತಿ ಗೊತ್ತು: ಜಾಗ, ಲೈಸೆನ್ಸು, ಹೊರಗಿನ ಬೋರ್ಡು ಎಲ್ಲ ಬೇರೆಯವರದ್ದು, ತಿಂಗಳು ತಿಂಗಳು ಅವರಿಗೆ ಇಂತಿಷ್ಟು ಕೊಟ್ಟು ಗಲ್ಲಾದಲ್ಲಿ ಕೂರುವವರು ನಾವು. ಅದರಲ್ಲಿ ಉಳಿದದ್ದು ಮಗಳ ಶಾಲೆಗೆ, ಟೆಂಪೋ ಬಾಡಿಗೆಗೆ.

ಆಗ ಭಾವ ಒಂದು ಯೋಚನೆ ತಂದರು. ಮುರಬಾಡ್ ದಾಟಿ ಒಳಗೆ, ಹಳ್ಳಿಯಂಚಿಗೆ ಎರಡು ಕೋಣೆಯ ಒಂದು ಹಂಚಿನ ಮನೆ ಮಾರಾಟಕ್ಕಿತ್ತು. ಎದುರಿಗೆ ಒಂದು ಬಾವಿ, ಎರಡು ಮಾವಿನ ಮರ. ಮೂರು ಮನೆಯವರೂ ಕೂಡಿ ಹಾಕಿದರೆ ಆಗುವಂತಿತ್ತು. ರಜೆಯಲ್ಲಿ ಹೋಗಿ ಇದ್ದು ಬರುವುದು, ಅತ್ತೆಯ ಆಸೆಯೂ ತೀರಿತು. ಭಾವ ಅತ್ತೆಯನ್ನು ಕರೆದುಕೊಂಡು ಹೋಗಿ ತೋರಿಸಿಕೊಂಡೂ ಬಂದರು. ಅತ್ತೆ ವಾಪಸು ಬಂದವರು ಬಾವಿಯ ನೀರು ಎಷ್ಟು ಮೇಲಿದೆ ಎಂದು ಕೈಯಲ್ಲಿ ತೋರಿಸಿದ್ದೇ ತೋರಿಸಿದ್ದು.

ನನ್ನ ಗಂಡ ಅಡ್ಡ ಹಾಕಿದರು. ಅವರ ತಲೆ ಕೆಡಿಸಿದವರು ಹೋಟೆಲಿಗೆ ದಿನಾ ತಿಂಡಿಗೆ ಬರುತ್ತಿದ್ದ ಒಬ್ಬ ಗಿರಾಕಿ. ಸೀವುಡ್ಸ್‌ನಲ್ಲಿ ಮನೆ, ಡೊಂಬಿವಲಿಯ ಫ್ಯಾಕ್ಟರಿಯಲ್ಲಿ ಕೆಲಸ, ಕರ್ಜತ್ ಕಡೆ ಒಂದು ವೀಕೆಂಡ್ ಮನೆ. ಪ್ರತಿ ಸೋಮವಾರ ಅವರು ವಡೆಯ ಜೊತೆ ಆ ಮನೆಯ ಗೋಳನ್ನೂ ತಿನ್ನುತ್ತಿದ್ದರು. ಪಂಪು ಸುಟ್ಟುಹೋಯಿತು, ಕಾವಲುಗಾರನ ಅತ್ತೆಮಾವ ಬಂದು ಬೀಡುಬಿಟ್ಟಿದ್ದಾರೆ, ಬಚ್ಚಲಲ್ಲಿ ಹಾವು. ಹೋದ ಶನಿವಾರವೆಲ್ಲ ಗುಡಿಸಿದ್ದು, ಭಾನುವಾರವೆಲ್ಲ ಪ್ಲಂಬರಿಗೆ ಕಾದದ್ದು. ಇದನ್ನೆಲ್ಲ ಗಲ್ಲಾದಲ್ಲಿ ಕೂತು ಕೇಳಿ ಕೇಳಿ ನನ್ನ ಗಂಡ, ‘ಹೋಟೆಲು ನೋಡ್ಲಿಕ್ಕೇ ಪುರುಸೊತ್ತಿಲ್ಲ, ಆ ಕಾಡಲ್ಲಿ ಮನೆ ನೋಡುವವರು ಯಾರು?’ ಅನ್ನತೊಡಗಿದರು. ಆ ಮಾತು ಸುಳ್ಳಲ್ಲ ಬಿಡಿ. ಆದರೆ ನಾನೂ ಒಂದೆರಡು ಸಲ ಅವರ ಗೋಳು ಕೇಳಿದ್ದೆ. ‘ನನ್ನ ಪಂಪು’, ‘ನನ್ನ ಬಚ್ಚಲು’ ಅನ್ನುವಾಗ ಆ ಮನುಷ್ಯನ ಮುಖದಲ್ಲಿ ಎಂಥ ಗತ್ತು! ಅದು ನನ್ನ ಗಂಡನಿಗೆ ಕಾಣಿಸಲೇ ಇಲ್ಲ.

ಅದು ನವಿ ಮುಂಬಯಿಯಲ್ಲಿ ಒಂದರ ಹಿಂದೆ ಒಂದು ಮಾಲ್ ತೆರೆಯುತ್ತಿದ್ದ ಕಾಲ. ನಾದಿನಿಯ ಮನೆಗೆ ಹೋದವರು ಮಗಳ ಹಟಕ್ಕೆ ವಾಶಿಯ ಮಾಲಿಗೆ ಹೋದೆವು. ಬಾಗಿಲಲ್ಲೇ ಒಬ್ಬ ಹುಡುಗಿ ಕೂಪನ್ ತುಂಬಿಸಿಕೊಂಡಳು, ಲಕ್ಕಿ ಡ್ರಾ ಅಂತೆ. ವಾರದಲ್ಲೇ ಫೋನು: ನೀವು ಗೆದ್ದಿದ್ದೀರಿ, ಉಡುಗೊರೆ ಇದೆ, ಊಟ ಇದೆ, ಗಂಡ ಹೆಂಡತಿ ಇಬ್ಬರೂ ಬರಲೇಬೇಕು. ನಾನು ಆಗಲೇ ಅಂದೆ, ‘ಇಬ್ಬರೂ ಯಾಕಂತೆ? ಒಬ್ಬರು ಹೋದ್ರೆ ಉಡುಗೊರೆ ಹಳಸ್ತದಾ?’ ಆಮೇಲೆ ಗೊತ್ತಾಯಿತು ಯಾಕೆಂದು. ಒಬ್ಬರೇ ಹೋದರೆ ‘ಮನೆಯಲ್ಲಿ ಕೇಳಿ ಹೇಳ್ತೇನೆ’ ಎಂದು ತಪ್ಪಿಸಿಕೊಳ್ಳಬಹುದಲ್ಲ, ಅದಕ್ಕೆ. ಎಂಥ ಕಿಲಾಡಿಗಳು ನೋಡಿ.

ಒಂದು ಗಂಟೆ ಅಂದವರು ಸಂಜೆಯ ತನಕ ಕೂರಿಸಿದರು. ಪರದೆಯ ಮೇಲೆ ಬೆಟ್ಟ, ಮೋಡ, ಬಿಳಿ ಹಾಸಿಗೆ. ಆ ಟೈ ಹುಡುಗ ಅದೆಷ್ಟು ನಯವಾಗಿ ಮಾತಾಡಿದನೆಂದರೆ, ನನ್ನ ಗಂಡ ಅವನಿಗೆ ಮುರಬಾಡಿನ ಮನೆಯ ಕತೆ, ಅತ್ತೆಯ ಹಾಲಿನ ಕತೆ ಎಲ್ಲ ಹೇಳಿಬಿಟ್ಟರು. ಅವನಿಗೆ ಇನ್ನೇನು ಬೇಕು? ಸ್ವಂತ ಮನೆಯಾದರೆ ಗುಡಿಸಬೇಕು, ಕಾಯಬೇಕು, ಹಂಚು ಹೊದೆಸಬೇಕು. ಇಲ್ಲಿ ಬರಿಗೈಯಲ್ಲಿ ಹೋಗಿ, ಬರಿಗೈಯಲ್ಲಿ ಬನ್ನಿ ಅಂದ. ನಾನು ನೇರವಾಗಿ ಕೇಳಿದೆ, ಎಷ್ಟು ಜನ ಇರಬಹುದು ಎಂದು. ‘ಆಪ್ ಕಾ ಘರ್ ಹೈ ಮ್ಯಾಮ್! ಪೂರೀ ಫ್ಯಾಮಿಲಿ ಕೋ ಲೇಕೆ ಜಾಯಿಯೇ’ ಅಂದ, ನಿಮ್ಮದೇ ಮನೆ, ಇಡೀ ಸಂಸಾರ ಕರೆದುಕೊಂಡು ಹೋಗಿ ಅಂತ. ನನ್ನ ಗಂಡ ಅಳುಕುತ್ತ, ‘ಔರ್ ಗೃಹಪ್ರವೇಶ್?’ ಅಂದರು. ಅವನು ನಕ್ಕು, ‘ಬಿಲ್ಕುಲ್ ಸರ್! ಧೂಮ್ ಧಾಮ್ ಸೇ!’ ಅಂದ. ಪಕ್ಕದ ಮೇಜಿನ ಇನ್ನೊಬ್ಬ ಟೈ ಕೂಡ ನಕ್ಕ. ಆ ನಗು ಈಗ ನೆನೆದರೂ ನನಗೆ ಹಲ್ಲು ಕಡಿಯುವ ಹಾಗಾಗುತ್ತದೆ.

ಮುರಬಾಡಿಗೆಂದು ಎತ್ತಿಟ್ಟ ನಮ್ಮ ಪಾಲಿನ ಹಣ ಅಲ್ಲಿ ಹೋಯಿತು. ಉಡುಗೊರೆ ಅಂತ ಒಂದು ಪ್ಲಾಸ್ಟಿಕ್ ಟಿಫಿನ್ ಡಬ್ಬಿ ಕೊಟ್ಟರು, ಮುಚ್ಚಳ ಸರಿ ಕೂರುತ್ತಿರಲಿಲ್ಲ. ಬಂಗಾರದ ಅಂಚಿನ ಒಂದು ಸರ್ಟಿಫಿಕೇಟನ್ನೂ ಕೊಟ್ಟರು. ಅತ್ತೆ ಅದನ್ನು ದೇವರ ಪೆಟ್ಟಿಗೆಯ ಹಿಂದೆ ನಿಲ್ಲಿಸಿ ಕುಂಕುಮ ಹಚ್ಚಿದರು. ವಿಷಯ ಕೇಳಿದ ಭಾವ ಕಲ್ಯಾಣದಿಂದ ಬಂದವರು ಚಪ್ಪಲಿ ಬಿಡುವ ಮೊದಲೇ ಕೇಳಿದರು:

‘ಮಾರಾಯ, ನೀನು ಮನೆ ತೆಕ್ಕೊಂಡದ್ದಾ, ಟಿಕೆಟು ತೆಕ್ಕೊಂಡದ್ದಾ?’

‘ಓನರ್ ಅಂತ ಬರ್ದು ಕೊಟ್ಟಿದ್ದಾರೆ ಅಣ್ಣ. ನೋಡಿ ಬೇಕಾದ್ರೆ.’

‘ಬೀಗದ ಕೈ ಕೊಟ್ಟಿದ್ದಾರಾ?’

ಅತ್ತೆ ನಡುವೆ ಬಾಯಿ ಹಾಕಿ, ‘ಇರ್ಲಿ ಬಿಡು ಮಗ. ವರ್ಷಕ್ಕೆ ಒಂದು ವಾರ ಆದ್ರೂ ನಮ್ಮದೇ ಅಲ್ವಾ? ಹಾಲು ಉಕ್ಕಿಸ್ಲಿಕ್ಕೆ ಒಂದು ದಿನ ಸಾಕು’ ಅಂದರು. ಭಾವ ಚಪ್ಪಲಿ ಬಿಟ್ಟು ಒಳಗೆ ಬಂದರು.

ಈಗ ಅನ್ನಿಸುತ್ತದೆ, ಜಗತ್ತಿನಲ್ಲಿ ಟೈಮ್‌ಶೇರ್ ಕೊಂಡು ಅದಕ್ಕೆ ಮನೆ ಒಕ್ಕಲು ಮಾಡಲು ಹೊರಟವರು ನಾವೊಬ್ಬರೇ ಇರಬೇಕು! ಅತ್ತೆ ಪಂಚಾಂಗ ಹಿಡಿದು ಕೂತರು. ನಾನು ಫೋನು ಹಿಡಿದು ಕೂತೆ. ಅತ್ತೆ ಹೇಳಿದ ದಿನ ಇವರಲ್ಲಿ ಖಾಲಿ ಇಲ್ಲ, ಇವರಲ್ಲಿ ಖಾಲಿ ಇದ್ದ ದಿನ ಅತ್ತೆಯ ಪಂಚಾಂಗದಲ್ಲಿ ಮುಹೂರ್ತ ಇಲ್ಲ. ಮೇ ತಿಂಗಳು ‘ಕೆಂಪು ಸೀಸನ್’, ಜನ ಮುಗಿಬೀಳುವ ಕಾಲ ಅಂತೆ, ನಮ್ಮದು ‘ಬಿಳಿ ಸೀಸನ್’ ಮೆಂಬರ್‌ಶಿಪ್ ಅಂತೆ. ಸ್ವಂತ ಮನೆಗೆ ಎಲ್ಲಿಯ ಕೆಂಪು, ಎಲ್ಲಿಯ ಬಿಳಿ? ‘ಯಾವಾಗ ಖಾಲಿ ಇರ್ತದೆ ಅಂತ ನಮ್ಮ ಮನೆಗೇ ನಾವು ಫೋನ್ ಮಾಡಿ ಕೇಳ್ಬೇಕಾ?’ ಎಂದು ನಾನು ಗಂಡನ ಮೇಲೆ ಹರಿಹಾಯ್ದೆ. ಅವರು ಗಲ್ಲಾದ ಚಿಲ್ಲರೆ ಎಣಿಸುವವರ ಹಾಗೆ ತಲೆ ಎತ್ತಲೇ ಇಲ್ಲ. ಒಂದು ವರ್ಷ ಹೀಗೇ ಹೋಯಿತು, ಆ ವರ್ಷದ ಮೇಂಟೆನೆನ್ಸ್ ಮಾತ್ರ ತಪ್ಪದೆ ಕಟ್ಟಿದೆವು. ಯಾರೋ ಮಲಗಿದ ಹಾಸಿಗೆಯ ಬಟ್ಟೆ ಒಗೆಸಿದ ಖರ್ಚು!

ಮರುವರ್ಷ, ದೀಪಾವಳಿ ಕಳೆದ ವಾರ, ಯಾರೋ ರದ್ದು ಮಾಡಿದ್ದು ನಮಗೆ ಸಿಕ್ಕಿತು. ಮಕ್ಕಳಿಗೆ ರಜೆ ಇತ್ತು. ಹೋಟೆಲಿನ ಹುಡುಗರೂ ಹಬ್ಬಕ್ಕೆ ಊರಿಗೆ ಹೋಗಿದ್ದರು. ಹೋಗುವ ದಿನವೇ ಮಧ್ಯಾಹ್ನ ಮೂರರೊಳಗೆ ಮುಹೂರ್ತ ಇದೆ ಎಂದು ಅತ್ತೆ ಕಂಡುಹಿಡಿದರು. ನನ್ನ ಗಂಡ ಹೋಟೆಲಿನ ಶಟರು ಎಳೆದು, ‘ನಾಲ್ಕು ದಿನ ಬಂದ್’ ಎಂದು ಬರೆದು ಅಂಟಿಸಿದರು. ಮದುವೆಯಾಗಿ ಬಂದ ಮೇಲೆ ಆ ಶಟರು ಹಗಲಲ್ಲಿ ಮುಚ್ಚಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಎರಡು ಸುಮೋ ತುಂಬ ನಾವು. ಬರಿಗೈಯಲ್ಲಿ ಬನ್ನಿ ಅಂದಿದ್ದನಲ್ಲ ಆ ಹುಡುಗ? ಹೋಟೆಲಿನವರು ಎಲ್ಲಿಯಾದರೂ ಬರಿಗೈಯಲ್ಲಿ ಹೋಗುತ್ತಾರಾ! ಮೂಟೆ ಅಕ್ಕಿ, ತೆಂಗಿನಕಾಯಿ, ಚಾಪೆಗಳು, ದೊಡ್ಡ ಬೋಗುಣಿ, ಚಿಕ್ಕ ಸಿಲಿಂಡರು, ಒಂದು ಬಕೆಟ್ ಇಡ್ಲಿ ಹಿಟ್ಟು. ಘಾಟಿಯ ತಿರುವಿನಲ್ಲಿ ಹಿಟ್ಟು ಉಬ್ಬಿ ಮುಚ್ಚಳ ಎತ್ತತೊಡಗಿತು. ನಾದಿನಿಯ ಗಂಡ ದಾರಿಯುದ್ದಕ್ಕೂ ಅದರ ಮೇಲೆ ಕೈ ಒತ್ತಿಕೊಂಡೇ ಕೂತಿದ್ದರು. ಮಕ್ಕಳು ನಗುತ್ತಿದ್ದರು. ಅತ್ತೆ ಮುಂದಿನ ಸೀಟಿನಲ್ಲಿ ಹೊಸ ಸೀರೆ ಉಟ್ಟು, ಹೊಸ ಹಾಲಿನ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಎಷ್ಟು ಖುಷಿ ಇತ್ತು ಆ ಮುಖದಲ್ಲಿ, ಏನು ಹೇಳಲಿ.

ರಿಸಾರ್ಟಿನ ಕೌಂಟರಿನಲ್ಲಿ ಕೈಗೆ ನೀಲಿ ಕಾಗದದ ಪಟ್ಟಿ ಕಟ್ಟಲು ಶುರು ಮಾಡಿದರು. ಆರು ಜನರಿಗೆ ಕಟ್ಟಿ ನಿಲ್ಲಿಸಿದರು. ಅತ್ತೆಗೆ, ನಮ್ಮಿಬ್ಬರಿಗೆ, ನಮ್ಮ ಮಗಳಿಗೆ, ಭಾವನಿಗೆ, ಅಕ್ಕನಿಗೆ. ಭಾವನ ಹೆಂಡತಿಯನ್ನು ನಾನು ಅಕ್ಕ ಎಂದೇ ಕರೆಯುವುದು. ಉಳಿದವರು ‘ವಿಸಿಟರ್ಸ್’ ಅಂತೆ. ಮುಹೂರ್ತ ಮೀರುತ್ತದೆಂಬ ಗಡಿಬಿಡಿಯಲ್ಲಿ ನನ್ನ ಗಂಡ ಎಲ್ಲಕ್ಕೂ ಹೂಂ ಅಂದರು.

ಕೋಣೆಗಳು ಚೆನ್ನಾಗಿದ್ದವು, ಸುಳ್ಳು ಯಾಕೆ ಹೇಳಲಿ. ಕಿಟಕಿ ತೆರೆದರೆ ಕಣಿವೆ. ಅತ್ತೆ ಹೊಸ್ತಿಲಿಗೆ ಅರಸಿನ ಹಚ್ಚಿ, ಕುಂಕುಮವಿಟ್ಟು, ಕಾರಿಡಾರಿನಲ್ಲೇ ಸಣ್ಣದೊಂದು ರಂಗೋಲಿ ಎಳೆದರು. ನಾದಿನಿ ಮಾವಿನೆಲೆಯ ತೋರಣವನ್ನು ಟೇಪಿನಿಂದ ಅಂಟಿಸಿದಳು. ಬಲಗಾಲಿಟ್ಟು ಒಳಗೆ ಹೋದ ಅತ್ತೆ ಅಡುಗೆಮನೆ ಎಂದು ತೋರಿಸಿದ ಮೂಲೆ ನೋಡಿ ನಿಂತರು. ಅಲ್ಲಿ ಇದ್ದದ್ದು ಒಂದು ಕರೆಂಟಿನ ಕೆಟಲು, ನಾಲ್ಕು ಕಪ್ಪು.

‘ಒಲೆ ಎಲ್ಲಿ ಉಂಟು ಮಗ?’

‘ನಾವು ತಂದಿದ್ದೇವಲ್ಲ ಅಮ್ಮ’ ಎಂದು ನನ್ನ ಗಂಡ ಸಿಲಿಂಡರು ಬಿಚ್ಚಿ ಬರ್ನರು ಕೂರಿಸಿದರು. ದೇವರ ಪಟ ಇಟ್ಟಾಯಿತು, ದೀಪ ಹಚ್ಚಿಯಾಯಿತು. ಅತ್ತೆ ಹಾಲು ಸುರಿದು ಒಲೆಯ ಮುಂದೆ ಕೂತರು. ನಾವು ಹತ್ತು ಜನ ಸುತ್ತ ನಿಂತೆವು. ನಾದಿನಿಯ ಮಗಳು ‘ನಾನೀ, ಯೇ ಸಚ್ಚೀ ಮೇಂ ಅಪ್ನಾ ಘರ್ ಹೈ?’ ಎಂದು, ಇದು ನಿಜಕ್ಕೂ ನಮ್ಮದೇ ಮನೆಯಾ ಅಂತ ಅಜ್ಜಿಯನ್ನು ಕೇಳಿದಳು. ಅತ್ತೆ ತಲೆಯಾಡಿಸಿದರು. ನೊರೆ ಕಟ್ಟಿತು, ಅಂಚಿಗೆ ಬಂತು. ಆ ಸಲ ಅತ್ತೆಯ ಕೈ ಬೆಂಕಿಯ ಕಡೆಗೆ ಹೋಗಲಿಲ್ಲ.

ಬಾಗಿಲು ದಡಾರೆಂದು ತೆರೆಯಿತು. ಮ್ಯಾನೇಜರು, ಹಿಂದೆ ಸೆಕ್ಯುರಿಟಿಯವನು, ಅವನ ಹಿಂದೆ ಹೊಸ್ತಿಲ ಅರಸಿನ ನೋಡಿ ವರದಿ ಕೊಟ್ಟ ಗುಡಿಸುವ ಹೆಂಗಸು. ‘ಸಿಲಿಂಡರ್! ಬಂದ್ ಕರೋ!’ ಎಂದು ಮ್ಯಾನೇಜರು ಕೂಗಿದ. ಸೆಕ್ಯುರಿಟಿಯವನು ಅತ್ತೆಯ ಭುಜದ ಮೇಲಿಂದ ಬಗ್ಗಿ ಬರ್ನರಿನ ಕಿವಿ ತಿರುಗಿಸಿಬಿಟ್ಟ. ಹಾಲು ಹಾಗೇ ಕೆಳಗೆ ಇಳಿಯಿತು.

ಸಿಲಿಂಡರು ತರುವ ಹಾಗಿಲ್ಲವಂತೆ, ಸರಿ, ಒಪ್ಪಿದೆ. ಅದನ್ನು ಹೇಳಲು ಒಂದು ಕ್ರಮ ಇಲ್ಲವೇ? ಬಾಗಿಲು ತಟ್ಟುವ ಅಭ್ಯಾಸ ಇಲ್ಲವೇ? ಆ ಮುದುಕಿ ಕೈಮುಗಿದು ಕೂತದ್ದು ಕಾಣಲಿಲ್ಲವೇ? ಇನ್ನು ಒಂದು ನಿಮಿಷ ನಿಂತಿದ್ದರೆ ಇವರ ಬೆಟ್ಟ ಕುಸಿಯುತ್ತಿತ್ತೇ? ನನಗೆ ತಡೆಯಲಾಗಲಿಲ್ಲ. ಓನರ್ ನಾವೇ, ಸರ್ಟಿಫಿಕೇಟು ಇದೆ ಎಂದು ಬಾಯಿಗೆ ಬಂದ ಮರಾಠಿಯಲ್ಲಿ ಕೂಗಾಡಿದೆ: ‘ಆಮ್ಹೀ ಓನರ್ ಆಹೋತ್! ಸರ್ಟಿಫಿಕೇಟ್ ಆಹೇ!’

ಮ್ಯಾನೇಜರು ಸಿಟ್ಟು ಕೂಡ ಮಾಡಲಿಲ್ಲ. ತಣ್ಣಗೆ ಅಂದ, ‘ಮ್ಯಾಡಮ್, ಓನರ್ ಆಮ್ಚೇ ಸಾಹೇಬ್. ತುಮ್ಹೀ ಮೆಂಬರ್.’

ಮಾಲಿಕರು ನಮ್ಮ ಸಾಹೇಬರು, ನೀವು ಬರೀ ಮೆಂಬರು. ಅಷ್ಟೇ. ವಾಶಿಯ ಅಷ್ಟು ದೊಡ್ಡ ಚಪ್ಪಾಳೆಯ ಅರ್ಥ ಇಷ್ಟೇ. ನಾನು ಗಂಡನ ಮುಖ ನೋಡಿದೆ. ಅವರು ಇಡ್ಲಿ ಹಿಟ್ಟಿನ ಬಕೆಟ್ಟಿನ ಪಕ್ಕ ನಿಂತು ನೆಲ ನೋಡುತ್ತಿದ್ದರು. ಕಾರಿಡಾರಿನಲ್ಲಿ ಆ ಹೆಂಗಸು ರಂಗೋಲಿಯ ಮೇಲೆ ಒದ್ದೆ ಬಟ್ಟೆ ಎಳೆಯತೊಡಗಿದ್ದಳು. ಅವಳದೇನು ತಪ್ಪು, ಅವಳ ಕೆಲಸ ಅದು.

ಆಮೇಲೆ ಮ್ಯಾನೇಜರು ತಲೆ ಎಣಿಸಿದ. ಆರು ಜನಕ್ಕೆ ಮಾತ್ರ ರಾತ್ರಿ ಇರಲು ಪರವಾನಗಿ, ಉಳಿದ ಐವರು ಸಂಜೆಯೊಳಗೆ ಗೇಟಿನ ಹೊರಗೆ. ಬೇರೆ ಕೋಣೆ ಕೊಡಿ ಎಂದು ಭಾವ ಕೇಳಿದರು, ಖಾಲಿ ಇಲ್ಲ. ನೆಲದಲ್ಲಿ ಮಲಗುತ್ತೇವೆ, ಚಾಪೆ ತಂದಿದ್ದೇವೆ ಅಂದೆ, ನಿಯಮ ಇಲ್ಲ. ‘ಯಾರು ಇರುತ್ತೀರಿ, ಯಾರು ಹೋಗುತ್ತೀರಿ, ನೀವೇ ತೀರ್ಮಾನಿಸಿ’ ಎಂದು ದೊಡ್ಡ ಉಪಕಾರ ಮಾಡಿದವನ ಹಾಗೆ ಹೇಳಿದ. ನಾದಿನಿ ಮಗಳನ್ನು ಎತ್ತಿಕೊಂಡು, ‘ನಾವು ಹೋಗ್ತೇವೆ ಅಮ್ಮ, ನೀವೆಲ್ಲ ಇರಿ. ತೊಂದರೆ ಇಲ್ಲ’ ಅಂದಳು.

ಅತ್ತೆ ನೆಲದಿಂದ ಮೆಲ್ಲಗೆ ಎದ್ದರು. ಕೈಯ ನೀಲಿ ಪಟ್ಟಿಯನ್ನು ಎಳೆದರು. ಅದು ಹರಿಯುವ ಜಾತಿಯದಲ್ಲ. ಹಲ್ಲಿನಿಂದ ಕಚ್ಚಿ ಹರಿದರು. ಹರಿದದ್ದನ್ನು ಮಗಳ ಕೈಗೆ ಕೊಟ್ಟರು.

‘ನೀನು ಇರು. ನಾನು ಹೋಗ್ತೇನೆ. ಯಾರು ಬೇಕು, ಯಾರು ಬೇಡ ಅಂತ ಆರಿಸ್ಲಿಕ್ಕೆ ನಾನು ಅಷ್ಟು ದೂರದಿಂದ ಬಂದದ್ದಲ್ಲ.’

ದೇವರ ಪಟವನ್ನು ಸೆರಗಿನಲ್ಲಿ ಸುತ್ತಿಕೊಂಡು, ಬಿಸಿ ಹಾಲಿನ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ಹೊರಟೇಬಿಟ್ಟರು. ಬಾಗಿಲಲ್ಲಿ ನಿಂತಿದ್ದ ಸೆಕ್ಯುರಿಟಿಯವನು ತಾನಾಗಿ ಪಕ್ಕಕ್ಕೆ ಸರಿದ. ಆಮೇಲೆ ಯಾರಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಹನ್ನೊಂದು ಜನವೂ ಚಾಪೆ, ಮೂಟೆ, ಬಕೆಟ್ಟು ಎತ್ತಿಕೊಂಡು ಇಳಿದೆವು. ಮ್ಯಾನೇಜರು ಹಿಂದಿನಿಂದ, ಈಗ ಹೋದರೆ ಈ ವರ್ಷದ ವಾರ ಮುಗಿದ ಲೆಕ್ಕ ಎಂದು ನೆನಪಿಸಿದ. ‘ನೀನೇ ಮಲಗು ಮಹಾರಾಯ, ಏಳು ದಿನ!’ ಎಂದು ಕನ್ನಡದಲ್ಲೇ ಕೂಗಿ ಸುಮೋದ ಬಾಗಿಲು ಹಾಕಿದೆ.

ಘಾಟಿ ಇಳಿಯತೊಡಗಿದೆವು. ಕಲ್ಯಾಣದವರನ್ನು ಕಲ್ಯಾಣಕ್ಕೆ, ಘಣಸೋಲಿಯವರನ್ನು ಘಣಸೋಲಿಗೆ ಬಿಡುವುದೆಂದು ಭಾವ ಲೆಕ್ಕ ಹಾಕುತ್ತಿದ್ದರು. ಆಗ ನನ್ನ ಗಂಡ, ‘ಅಣ್ಣ, ಸೀದಾ ಹೋಟೆಲಿಗೆ ಹೋಗುವ. ಹೇಗೂ ಬಂದ್ ಉಂಟಲ್ಲ’ ಅಂದರು.

ದೀಪ ಹಚ್ಚುವ ಹೊತ್ತಿಗೆ ಡೊಂಬಿವಲಿ ಮುಟ್ಟಿದೆವು. ಶಟರು ಅರ್ಧ ಎತ್ತಿ ಬಗ್ಗಿಕೊಂಡು ಒಳಗೆ ಹೊಕ್ಕೆವು. ಭಾವ, ನಾದಿನಿಯ ಗಂಡ, ಹುಡುಗರು ಸೇರಿ ಮೇಜುಗಳನ್ನು ಒಂದರ ಮೇಲೊಂದು ಪೇರಿಸಿ ಗೋಡೆಗೆ ಒತ್ತಿದರು. ನಾನೂ ಅಕ್ಕನೂ ನೆಲ ತೊಳೆದೆವು. ಇಡ್ಲಿ ಬೇಯಿಸಿ ಉಂಡು, ಸಾಲಾಗಿ ಚಾಪೆ ಹಾಸಿ ಮಲಗಿದೆವು. ಹೊರಗೆ ರಿಕ್ಷಾಗಳ ಗಲಾಟೆ, ಮೇಲೆ ಎಣ್ಣೆ ಹಿಡಿದ ಫ್ಯಾನು. ಅತ್ತೆ ಸಾಲಿನ ನಡುವೆ ಮಲಗಿದ್ದರು. ಆ ಕಡೆ ಒಬ್ಬರ, ಈ ಕಡೆ ಒಬ್ಬರ ತಲೆ ಮುಟ್ಟಿ ನೋಡುತ್ತಿದ್ದದ್ದು ನನಗೆ ಕಂಡಿತು.

ಬೆಳಿಗ್ಗೆ ನಾನು ಏಳುವ ಮೊದಲೇ ಅತ್ತೆ ಸ್ನಾನ ಮುಗಿಸಿ ದೊಡ್ಡ ಒಲೆಯ ಮುಂದೆ ನಿಂತಿದ್ದರು. ಮುಹೂರ್ತ ಗಿಹೂರ್ತ ಏನೂ ನೋಡಿರಲಿಲ್ಲ. ನಿನ್ನೆಯ ಹಾಲು ಒಡೆದಿತ್ತು, ಹೊಸ ಹಾಲು ತರಿಸಿ ಇಟ್ಟಿದ್ದರು. ಮಕ್ಕಳನ್ನೆಲ್ಲ ಎಬ್ಬಿಸಿ ನಿಲ್ಲಿಸಿದರು. ಹೋಟೆಲಿನ ಒಲೆಯ ಬೆಂಕಿ ಗೊತ್ತಲ್ಲ, ನೋಡನೋಡುತ್ತಿದ್ದಂತೆ ಹಾಲು ನಾಲ್ಕೂ ಕಡೆ ಉಕ್ಕಿ ಸುರಿಯಿತು. ಅತ್ತೆ ನಿಲ್ಲಿಸಲಿಲ್ಲ, ಪಾತ್ರೆ ಅರ್ಧ ಖಾಲಿಯಾಗುವ ತನಕ ಬಿಟ್ಟರು.

ನನ್ನ ಬಾಯಿ ಸುಮ್ಮನಿರಬೇಕಲ್ಲ? ‘ಅತ್ತೆ, ಇದೂ ನಮ್ಮದಲ್ಲವಲ್ಲ. ಕಂಡಕ್ಟ್ ಮೇಲೆ...’ ಅಂದೆ.

‘ಗೊತ್ತುಂಟು ಮಾರಾಯ್ತಿ. ನನಗೆ ಗೊತ್ತಿಲ್ವಾ? ಆದ್ರೆ ಇಲ್ಲಿ ಯಾರೂ ಬಂದು ತಲೆ ಎಣಿಸ್ಲಿಲ್ಲ.’

ಅಷ್ಟರಲ್ಲಿ ಅರ್ಧ ಶಟರಿನ ಕೆಳಗೆ ಯಾರದೋ ಮುಖ ಇಣುಕಿತು. ‘ಅಣ್ಣಾ, ಚಾಲೂ ಹೈ ಕ್ಯಾ?’ ಬಂದ್ ಎಂದು ಬರೆದದ್ದು ಎದುರಿಗೇ ಇದೆ, ಆದರೂ ಕೇಳುವವರೇ! ಅತ್ತೆ ಅವರನ್ನು ಒಳಗೆ ಕರೆದು ಕೂರಿಸಿ, ಉಳಿದ ಹಾಲಿಗೆ ಸಕ್ಕರೆ ಹಾಕಿ ಕೊಟ್ಟರು. ‘ಒಕ್ಕಲಿನದ್ದು, ಕುಡಿಯಿರಿ’ ಅಂದರು. ಅವರಿಗೆ ಏನು ಅರ್ಥವಾಯಿತೋ, ಲೋಟಕ್ಕೆ ಕೈಮುಗಿದು ಕುಡಿದರು. ನಾಲ್ಕು ದಿನವೂ ಹನ್ನೊಂದು ಜನ ಅಲ್ಲೇ ಇದ್ದೆವು.

ಮುರಬಾಡಿನ ಆ ಮನೆ ಆಮೇಲೆ ಯಾರದೋ ಪಾಲಾಯಿತು. ಈಗ ಅಲ್ಲಿ ಬಂಗಲೆಗಳು, ಗೇಟು, ಗೇಟಿಗೆ ಕಾವಲು. ನಮ್ಮಂಥವರು ಹತ್ತಿರ ಹೋಗುವ ಹಾಗಿಲ್ಲ. ಬಾವಿಯನ್ನು ಮುಚ್ಚಿದ್ದಾರೆಂದು ಭಾವ ನೋಡಿ ಬಂದು ಹೇಳಿದರು, ಅತ್ತೆಗೆ ಹೇಳಬೇಡ ಎಂದೂ ಹೇಳಿದರು. ಕೆಲವು ವರ್ಷಕ್ಕೆ ಹೋಟೆಲಿನ ಯಜಮಾನರೂ ಜಾಗ ವಾಪಸು ಕೇಳಿದರು. ಅಲ್ಲಿ ಈಗ ಮೊಬೈಲು ಮಾರುತ್ತಾರೆ. ಎಲ್ಲ ಹೋಯಿತು. ಹೋಗದೆ ಉಳಿದದ್ದು ಆ ಟೈಮ್‌ಶೇರ್ ಒಂದೇ! ಬಿಡುತ್ತೇವೆ ಅಂದರೆ ಬಿಡಲು ಬರುವುದಿಲ್ಲವಂತೆ, ಮಾರುತ್ತೇವೆ ಅಂದರೆ ಕೊಳ್ಳುವವರಿಲ್ಲ. ಹನ್ನೊಂದು ತಿಂಗಳಿಗೆ ನಮ್ಮನ್ನು ಹೊರಹಾಕುವ ಮನೆಗಳನ್ನಷ್ಟೇ ಕಂಡಿದ್ದ ನಮಗೆ, ಇಪ್ಪತ್ತೈದು ವರ್ಷ ಬಿಡದೆ ಹಿಡಿದುಕೊಳ್ಳುವ ಮನೆ ಸಿಕ್ಕಿದ್ದು ಹೀಗೆ. ನಾವು ಮತ್ತೆ ಅಲ್ಲಿಗೆ ಕಾಲಿಡಲಿಲ್ಲ.

ಮೊನ್ನೆ ಮತ್ತೆ ಫೋನು ಬಂತು. ಅತ್ತೆ ತೀರಿಕೊಂಡು ಎರಡು ವರ್ಷವಾಗಿದೆ. ಹುಡುಗಿಯ ದನಿಯಲ್ಲಿ ಜೇನು ಸುರಿಯುತ್ತಿತ್ತು. ನಮ್ಮ ವಾರಗಳೆಲ್ಲ ಸುಮ್ಮನೆ ಹೋಗುತ್ತಿವೆಯಂತೆ, ಅವಳಿಗೇ ಬೇಜಾರಂತೆ, ಈ ಸಲ ಹೇಗಾದರೂ ಬರಬೇಕಂತೆ. ‘ಕಿತ್ನೇ ಲೋಗ್ ಆಯೇಂಗೇ ಮ್ಯಾಮ್?’ ಎಂದು, ಎಷ್ಟು ಜನ ಬರುತ್ತೀರಿ ಅಂತ ಕೇಳಿದಳು.

‘ಹನ್ನೊಂದು’ ಅಂದೆ.